ಚಾಮುಂಡಿಯ ತ್ರಿಶೂಲದಲ್ಲಿ ಒಂದು ‘ಬಿ’

ವರಮಹಾಲಕ್ಷ್ಮಿ ಹಬ್ಬಕ್ಕೆ ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಗೆ ಬಂದಿದ್ದ ರಘು ಅಂಕಲ್, ಕಲಶದ ಮುಂದಿದ್ದ ಬೆಳ್ಳಿ ನಾಣ್ಯವನ್ನು ಕೇಳದೆಯೇ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅವರಿಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚು. ನಾನು ಅವರ ಬೆರಳುಗಳಿಂದ ಕಣ್ಣು ತೆಗೆಯಲಿಲ್ಲ. ಮೈಸೂರಿನಿಂದ ಅತ್ತೆ ಕೊಟ್ಟು ಕಳಿಸಿದ ನಾಣ್ಯ ಅದು. ಮುಂದಿನ ಬದಿಯಲ್ಲಿ ತ್ರಿಶೂಲ ಹಿಡಿದು ನಿಂತ ಚಾಮುಂಡಿ, ಹಿಂದಿನ ಬದಿಯಲ್ಲಿ ಶ್ರೀಚಕ್ರದಂಥ ಯಾವುದೋ ಯಂತ್ರ.

“ಇದು ಚಾಮುಂಡಿ ಅಲ್ಲಮ್ಮ, ಬ್ರಿಟಾನಿಯಾ. ನಮಗೆ ಭಾರತಮಾತೆ ಇದ್ದ ಹಾಗೆ ಬ್ರಿಟಿಷರಿಗೆ ಇವಳು. ಚೀನಾ ಕಡೆ ವ್ಯಾಪಾರಕ್ಕೆ ಅಂತ ಬ್ರಿಟಿಷರು ಬಾಂಬೆಯಲ್ಲಿ ಅಚ್ಚು ಹಾಕಿಸಿದ ಡಾಲರ್ ಇದು. ಹಿಂದೆ ಇರೋದು ಯಂತ್ರ ಅಲ್ಲ, ಚೀನೀ ಅಕ್ಷರ,” ಎಂದರು. ತ್ರಿಶೂಲದ ನಡುವಿನ ಮೊನೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ಇಂಗ್ಲಿಷ್ ‘ಬಿ’ ತೋರಿಸಿ, ಅದೇ ಬಾಂಬೆಯ ಗುರುತು ಎಂದರು.

ದೇವಿಯಲ್ಲ ಎಂದು ನಂಬಿಸಿ ನಾಣ್ಯ ಲಪಟಾಯಿಸುವ ಉಪಾಯ ಎನಿಸಿತು. “ಕೊಡಿ ಅಂಕಲ್, ಮಂಗಳಾರತಿಗೆ ಲೇಟ್ ಆಗ್ತಿದೆ,” ಎಂದು ಕೈ ಚಾಚಿದೆ. ಅವರು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಕೊಟ್ಟರು.

ಅವರು ಹೋದ ಮೇಲೆ, ನಾಣ್ಯ ಬದಲಾಗಿಲ್ಲ ತಾನೇ ಎಂದು ಆ ‘ಬಿ’ಯನ್ನು ಹುಡುಕಿದೆ. ಇತ್ತು. ಈಗ ಪ್ರತಿ ಶುಕ್ರವಾರ ಕುಂಕುಮವನ್ನು ಸರಿಯಾಗಿ ಅದರ ಮೇಲೆಯೇ ಇಡುತ್ತೇನೆ, ಅತ್ತೆ ಬಂದಾಗ ಅವರ ಕಣ್ಣಿಗೆ ಬೀಳದಿರಲಿ ಎಂದು.