ಸರೋಜತ್ತೆಯ ಸುಟ್ಟ ಮಾವಿನಕಾಯಿ ಚಟ್ನಿ

ಒಲೆಯ ಮೇಲಿಟ್ಟ ಮಾವಿನಕಾಯಿಯ ಸಿಪ್ಪೆ ಚಟಪಟ ಸಿಡಿದು ಕಪ್ಪಾಗಿ, ಹುಳಿರಸ ಉರಿಗೆ ತೊಟ್ಟಿಕ್ಕಿ ಚುಂಯ್ ಅಂದಾಗ ಏಳುವ ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದರೆ ಸಾಕು, ನಾನು ಶ್ರೀನಿವಾಸಪುರದ ನಮ್ಮ ಹಳೇ ಅಡುಗೆಮನೆಯಲ್ಲಿರುತ್ತೇನೆ. ಆ ಮನೆ ಈಗಿಲ್ಲ. ಅಲ್ಲೊಂದು ಮಾವಿನ ಮಂಡಿಯ ಶೀಟಿನ ಗೋದಾಮು ಎದ್ದಿದೆ. ನಿಮಗೂ ಅಂಥದೊಂದು ಅಡುಗೆಮನೆ ಇದ್ದಿರಬೇಕು. ನಮ್ಮದರಲ್ಲಿ ಅಪ್ಪನ ತಂಗಿ ಸರೋಜತ್ತೆ ಇದ್ದಳು. ಗಾಳಿಗೆ ಉದುರಿದ ಕಾಯಿಗಳನ್ನು ಕೆಂಡದಲ್ಲಿ ಸುಟ್ಟು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಚೂರು ಬೆಲ್ಲ ಹಾಕಿ ಒರಳಲ್ಲಿ ಅವಳು ರುಬ್ಬುತ್ತಿದ್ದ ಚಟ್ನಿಗೆ ಬಿಸಿ ಬಜ್ಜಿ ಅದ್ದಿ ತಿಂದರೆ ಕಿವಿಯಲ್ಲಿ ಹೊಗೆ ಬರುತ್ತಿತ್ತು. ಆದರೂ ಕೈ ಮತ್ತೆ ತಟ್ಟೆಗೇ ಹೋಗುತ್ತಿತ್ತು.

ಹೆಣ್ಣು ನೋಡಲು ಬಂದವರಿಗೆ ಬಜ್ಜಿ, ಕೇಸರಿಬಾತು ಕೊಡುವುದು ರೂಢಿ. ಅತ್ತೆ ಬಜ್ಜಿಯ ಜೊತೆ ಇದೇ ಚಟ್ನಿ ಇಡುತ್ತಿದ್ದಳು. "ನೋಡೇ ಪುಟ್ಟಿ, ನನ್ನ ಚಟ್ನಿ ಬಿಡ್ದೆ ತಿಂದೋನೇ ನನ್ನ ಗಂಡ. ಯಾರೇನಂದ್ರೂ ಬೇರೆಯೋನ್ನ ಒಪ್ಪಲ್ಲ," ಎಂದು ನನಗೊಬ್ಬಳಿಗೇ ಗುಟ್ಟು ಹೇಳಿದ್ದಳು. ಮುಳಬಾಗಿಲಿನ ಗಂಡು ಒಂದು ಸಲ ಅದ್ದಿ ಬಟ್ಟಲನ್ನೇ ದೂರ ತಳ್ಳಿದ. ಕೋಲಾರದವನು ಸಕ್ಕರೆ ಕೇಳಿದ. ಇಬ್ಬರನ್ನೂ ಅತ್ತೆ ಒಲ್ಲೆ ಅಂದಳು. "ಏಮೇ, ಬಂದೋರ್‌ನೆಲ್ಲಾ ಹಿಂಗೆ ಓಡಿಸಿದ್ರೆ ಯಾರೇ ಕಟ್ಕೊಂತಾರೆ ನಿನ್ನ?" ಅಂತ ಅಜ್ಜಿ ತಲೆ ಚಚ್ಚಿಕೊಂಡಳು.

ಆಮೇಲೆ ಮಾಲೂರಿನಿಂದ ಒಬ್ಬ ಬಂದ. ತೆಳ್ಳಗೆ, ಬೆಳ್ಳಗೆ, ಮಾತೇ ಇಲ್ಲ. ಅತ್ತೆ ಅವತ್ತು ಬೇಕಂತಲೇ ಇನ್ನೊಂದು ಹಿಡಿ ಮೆಣಸಿನಕಾಯಿ ಸುರಿದಳು. ನಾವಿಬ್ಬರೂ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತೆವು. ಹುಡುಗ ಮೊದಲ ಬಜ್ಜಿ ಅದ್ದಿದ, ಕಿವಿ ಕೆಂಪಾಯಿತು. ಎರಡನೆಯದಕ್ಕೆ ಮೂಗು ಸೋರಿತು. ಮೂರನೆಯದಕ್ಕೆ ಕಣ್ಣಲ್ಲಿ ಧಾರಾಕಾರ ನೀರು! ಅವನ ತಾಯಿ "ಸಾಕು ಬಿಡೋ" ಅಂದರೂ ಕೇಳದೆ, ಕೊನೆಯ ಬಜ್ಜಿ ಚೂರಿನಿಂದ ಬಟ್ಟಲ ತಳ ಫಳಫಳ ಅನ್ನುವಂತೆ ಒರೆಸಿ ತಿಂದ. ಅತ್ತೆ ನನ್ನ ತೋಳು ಚಿವುಟಿ "ಇವ್ನೇ ಕಣೇ!" ಅಂದಳು. ಇಬ್ಬರೂ ಒರಳಿನ ಸುತ್ತ ಕುಣಿದೇ ಕುಣಿದೆವು. ಕುಣಿದು ಮುಗಿದ ಮೇಲೆ ನನಗೆ ಹೊಳೆಯಿತು: ಇವಳು ಮಾಲೂರಿಗೆ ಹೋದರೆ ಚಟ್ನಿ ಯಾರು ಮಾಡುತ್ತಾರೆ? "ನೀನೇ ಮಾಡೇ," ಅಂದಳು ಅತ್ತೆ, "ಕಾರ ಮಾತ್ರ ಕಮ್ಮಿ ಮಾಡ್ಬೇಡ."

ಎಷ್ಟೋ ವರ್ಷಗಳ ಮೇಲೆ ಅದೇ ಮಾಲೂರಿನ ಮಾವ ನಿಜ ಹೇಳಿದರು. ಅವರ ಮನೆಯಲ್ಲಿ ಸಾರಿಗೂ ಕಾರ ಹಾಕುತ್ತಿರಲಿಲ್ಲವಂತೆ. "ಬಾಗ್ಲು ಸಂದೀಲಿ ಎರಡು ಜೊತೆ ಕಣ್ಣು ನನ್ನೇ ನೋಡ್ತಿದ್ವು, ಹೆಂಗಮ್ಮ ಬಿಡ್ಲಿ?" ಅಂದರು. ಮದುವೆಯಾದ ಮೇಲೂ ಪ್ರತಿ ಮಾವಿನಕಾಯಿ ಕಾಲದಲ್ಲಿ ಅವರು ಮೂಗು ಒರೆಸಿಕೊಂಡು ತಿನ್ನುವುದು, ಅತ್ತೆ ಬಿದ್ದು ಬಿದ್ದು ನಗುವುದು ನಡೆದೇ ಇತ್ತು. ಆ ನಗು ಹೋದ ವರ್ಷ ನಿಂತಿತು. ಅವಳಿಲ್ಲ ಅನ್ನುವುದು ನನಗೆ ಇವತ್ತಿಗೂ ನಂಬಿಕೆಯಾಗುವುದಿಲ್ಲ.

ಮೊನ್ನೆ ಮಾವ ನಮ್ಮ ಮನೆಗೆ ಬಂದರು. ಬಜ್ಜಿ ಕರಿದೆ, ಕಾಯಿ ಸುಟ್ಟೆ. ವಯಸ್ಸಾದವರು, ಪಾಪ ಅಂತ ಎರಡೇ ಎರಡು ಮೆಣಸಿನಕಾಯಿ ಹಾಕಿ ಮಿಕ್ಸಿಯಲ್ಲಿ ತಿರುವಿದೆ. ಮಾವ ನಿಧಾನಕ್ಕೆ ತಿಂದರು. ಎಂದಿನಂತೆ ಬಟ್ಟಲ ತಳ ಒರೆಸಿದರು.

"ಕಾರ ಸಾಲ್ದು ಕಣಮ್ಮ," ಅಂದರು, ಕಣ್ಣು ಒರೆಸಿಕೊಳ್ಳುತ್ತ.

ನಾನು ಎದ್ದು ಮೆಣಸಿನಕಾಯಿ ಡಬ್ಬ ತೆಗೆದೆ.