ಅಗಸಿಯ ಪಾಳಿ

ಕಟ್ಟುಕಥೆ ಅನ್ನುವವರು ಸವಣೂರಿಗೆ ಬಂದು ಅಗಸಿಯ ಓಣಿಯಲ್ಲಿ ಸಂಜೆ ಒಬ್ಬರೇ ನಡೆದು ನೋಡಲಿ, ಆಮೇಲೆ ಮಾತಾಡೋಣ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳು. ದೆವ್ವ ಗಿವ್ವ ಅಂದರೆ ಮಕ್ಕಳಿಗಿಂತ ಮೊದಲು ನಗುತ್ತಿದ್ದವಳು.

ನಮ್ಮ ಮನೆ ಹಳೆಯ ಅಗಸಿಯ ಆಚೆ. ಅಗಸಿ ಅಂದರೆ ಈಗ ಎರಡು ಕಲ್ಲುಗಂಬ ಅಷ್ಟೆ, ಊರಬಾಗಿಲ ಕದಗಳು ಎಂದೋ ಹೋಗಿವೆ. ಇಂಗ್ಲಿಷರ ಕಾಲದಲ್ಲಿ ಪ್ಲೇಗ್ ಬಂದಾಗ ಓಣಿಯ ಜನರನ್ನು ಒಳಗೇ ಕೂಡಿಹಾಕಿ ಕದ ಮುಚ್ಚಿಸಿದ್ದರಂತೆ. ಕಾಯುವವರೂ ಒಳಗೇ. ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರ ಕೈಗೆ ವೀಳ್ಯದೆಲೆ ಕೊಡುತ್ತಿದ್ದರಂತೆ. ಎಲೆ ಹಿಡಿದರೆ ಪಾಳಿ ಒಪ್ಪಿಕೊಂಡ ಹಾಗೆ. ಇದನ್ನೆಲ್ಲ ನನಗೆ ಹೇಳಿದವಳು ಅವ್ವ.

ಅವತ್ತು ಅವ್ವನಿಗೆ ಉಬ್ಬಸ ಕೆರಳಿತ್ತು. ಅಂಗಡಿಯಿಂದ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿ ತಗೊಂಡು, ಬೇಗ ಮನೆ ಸೇರಲೆಂದು ಆ ಓಣಿ ಹೊಕ್ಕೆ. ದೀಪ ಹಚ್ಚುವ ಹೊತ್ತು... ಕರೆಂಟ್ ಹೋಯಿತು. ಅಗಸಿಯ ಕಂಬದ ಬುಡದಲ್ಲಿ ಮುದುಕನೊಬ್ಬ ಕುಳಿತಿದ್ದ.

"ಎಲಿ ತಗೋರಿ, ಅಕ್ಕಾರ."

ವೀಳ್ಯದೆಲೆಗೇ ಹೆಸರಾದ ಸವಣೂರಿನವರು, ಕೊಟ್ಟ ಎಲೆಯನ್ನು ಬೇಡ ಅನ್ನುವುದುಂಟೇ? ಅವಸರದಲ್ಲಿ ಏನೂ ನೆನಪಾಗದೆ ಕೈಯೊಡ್ಡಿಬಿಟ್ಟೆ.

ಅವನು ಸೊಂಟ ಹಿಡಿದು ಎದ್ದ. "ಅಂತೂ ನನ್ನ ಪಾಳಿ ಮುಗೀತವ್ವಾ. ಇನ್ನ ಕದ ಕಾಯಾವ್ರು ನೀವ." ಹೇಳಿ ಕತ್ತಲೊಳಗೆ ಹೋದ.

ಕಂಬಗಳ ನಡುವೆ ಹೆಜ್ಜೆ ಇಟ್ಟೆ. ಹಣೆ ಬಡಿಯಿತು... ಕಟ್ಟಿಗೆಯ ಕದ! ತಡವಿದರೆ ಕಬ್ಬಿಣದ ಮೊಳೆ, ತಣ್ಣನೆಯ ಸರಪಳಿ. ರೋಗದ ಮನೆಗಳಿಗೆ ಹಾಕುವಂಥ ಬೇವಿನ ಹೊಗೆ ಗಂಟಲಿಗೆ ಹತ್ತಿತು. ಬೆನ್ನ ಹಿಂದೆ ಬರಿಗಾಲುಗಳ ಸದ್ದು ಹತ್ತಿರವಾಯಿತು...

"ಕದಾ ತಗೀಯವ್ವಾ... ಕೂಸು ನೀರು ಬೇಡಾಕತ್ತೈತಿ..."

ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕಣ್ಣ ಮುಂದೆ ಉಸಿರಿಗೆ ಒದ್ದಾಡುವ ಅವ್ವ.

"ನಮ್ಮವ್ವ ಸಾಯಾಕತ್ತಾಳ್ರೀ! ಔಷಧ ಕೊಟ್ಟು ಬರ್ತೇನಿ. ಪಾಳಿ ಬಿಡಂಗಿಲ್ಲ, ಆಣಿ ಮಾಡ್ತೇನಿ!"

ಕದ ಸರಿಯಿತು. ಬಿದ್ದೆನೋ ಎದ್ದೆನೋ ಅಂತ ಮನೆಗೆ ಓಡಿದೆ.

ಔಷಧಿ ಎಳೆದುಕೊಂಡ ಮೇಲೆ ಅವ್ವ ಸುಧಾರಿಸಿಕೊಂಡಳು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ, ಔಷಧಿಯ ಜೊತೆ ನಾನು ಕೆಳಗಿಟ್ಟಿದ್ದ ಮುದುಕನ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡಿದ್ದಳು.

"ಎಲ್ಲಿ ಎಲಿ ಇದು? ಭಾಳ ಚಲೋ ಐತಿ," ಅಂದಳು.

ಎಲೆ ಹಿಡಿದವಳು ನಾನು, ತಿಂದವಳು ಅವ್ವ. ಪಾಳಿ ಯಾರದೆಂದು ಇಂದಿಗೂ ತಿಳಿದಿಲ್ಲ.

ಅಂದಿನಿಂದ ದೀಪ ಹಚ್ಚುವ ಹೊತ್ತಾದರೆ ಅವ್ವ ಎದ್ದು ಅಗಸಿಯ ಕಡೆ ಹೊರಡುತ್ತಾಳೆ. ಹೇಗೆ ಬಿಡಲಿ? ಮನೆಯ ಕದಕ್ಕೆ ಹೊರಗಿನಿಂದ ಸರಪಳಿ ಹಾಕಿ ಕಟ್ಟೆಯ ಮೇಲೆ ಕೂರುತ್ತೇನೆ. ಇದನ್ನು ಬರೆಯುತ್ತಿರುವುದೂ ಅಲ್ಲೇ ಕುಳಿತು. ಅವ್ವ ಒಳಗಿನಿಂದ ಬಡಿಯುತ್ತಿದ್ದಾಳೆ.

"ಕದಾ ತಗೀಯವ್ವಾ..."