ಹಜಾರಕ್ಕೆ ಬಂದ ಅಂಗಡಿ

ನಮ್ಮ ಬೀದಿಯ ಸಂಘಕ್ಕೆ ಒಬ್ಬ ಅಧ್ಯಕ್ಷರಿದ್ದಾರೆ. ಚರಂಡಿ ಕಟ್ಟಿಕೊಂಡರೂ ಭಾಷಣ ಮಾಡುತ್ತಾರೆ, ಬಿಟ್ಟುಕೊಂಡರೂ ಮಾಡುತ್ತಾರೆ. ಅವರ ಹೆಂಡತಿ ಬೀದಿಗೆಲ್ಲ ಕತ್ತರಿ ಅಕ್ಕ. ಶಾಲೆಯ ಸಮವಸ್ತ್ರ ಹೊಲಿಯುವ ಆರು ಹೆಂಗಸರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಆಕೆ ಗುರುತು ಹಾಕಿಕೊಡದೆ ಉಳಿದವರ ಮಿಷನ್ನು ಓಡುವುದಿಲ್ಲ.

ಹೆಂಡತಿ ದುಡಿಯುವುದು ಅಧ್ಯಕ್ಷರ ಘನತೆಗೆ ಕುಂದಂತೆ. ಬಿಡು ಎಂದರು, ಬಿಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವಳ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಬಾಗಿಲು ದೂಡಿದರು. ಆಮೇಲೆ ಕೈ ತೊಳೆದು ಊಟಕ್ಕೆ ಕೂತು, ಉಪ್ಪು ಸಾಲದು ಎಂದರು. ಕಿರುಚಾಟ ಕೇಳಿ ಎದುರುಮನೆಯ ಮೇಷ್ಟ್ರು ರೇಡಿಯೋ ಜೋರು ಮಾಡಿದರು. ನಾನು ಕಿಟಕಿ ಮುಚ್ಚಿದೆ. ಈ ಹೇಸಿಗೆಯಲ್ಲಿ ನನ್ನದೂ ಪಾಲಿದೆ.

ಮಂಗಳವಾರ ಬೆಳಿಗ್ಗೆ ಅಂಗಡಿಯ ಐವರೂ ಬಂದರು. ತಳ್ಳುಗಾಡಿಯ ತುಂಬ ಮಿಷನ್ನು, ಬಟ್ಟೆಯ ಥಾನು.

“ಏನಮ್ಮಾ ಇದು?” ಎಂದರು ಅಧ್ಯಕ್ಷರು, ಭಾಷಣದ ಗಂಟಲಲ್ಲಿ.

“ಅಕ್ಕ ಅಂಗಡಿಗೆ ಬರೋ ಹಾಗಿಲ್ವಲ್ಲ, ಅಂಗಡೀನೇ ಅಕ್ಕನ ಹತ್ರ ಬಂತು,” ಎಂದಳು ಗುಂಡಿ ಹಾಕುವ ಅಜ್ಜಿ. “ಸ್ವಲ್ಪ ಕುರ್ಚಿ ಸರಿಸ್ಕೊಳ್ಳಿ, ಸಾರ್.”

“ಇದು ಮರ್ಯಾದಸ್ಥರ ಮನೆ!”

“ಹೌದೌದು, ಬಾಗಿಲು ನೋಡಿದ್ರೇ ಗೊತ್ತಾಗುತ್ತೆ.”

ಬೆಳಗಿನಿಂದ ಸಂಜೆವರೆಗೆ ಹಜಾರದಲ್ಲಿ ಮಿಷನ್ನು ಗಡಗಡಿಸಿತು. ಕತ್ತಲಾದ ಮೇಲೂ ಯಾರಾದರೊಬ್ಬಳು ಅಲ್ಲೇ ಚಾಪೆ ಹಾಸುತ್ತಿದ್ದಳು. ಬಲಗೈಗೆ ಕಟ್ಟು ಹಾಕಿಸಿಕೊಂಡಿದ್ದ ಕತ್ತರಿ ಅಕ್ಕ ಎಡಗೈಲಿ ಸೀಮೆಸುಣ್ಣ ಹಿಡಿದು ಗೆರೆ ತೋರಿಸಿದಳು, ಬೇರೆಯವರು ಕತ್ತರಿಸಿದರು. ಅಳತೆ ಕೊಡಲು ಬಂದ ತಾಯಂದಿರು, “ಕೈಗೇನಾಯ್ತಕ್ಕ?” ಎನ್ನುತ್ತಿದ್ದರು. ಮೂರು ದಿನ, “ಬಿದ್ದೆ,” ಎಂದಳು. ನಾಲ್ಕನೆಯ ದಿನ ತಲೆಯೆತ್ತಿ, “ಇವರು ಮುರಿದ್ರು,” ಎಂದಳು. ಮಿಷನ್ನುಗಳು ಒಟ್ಟಿಗೆ ನಿಂತವು.

ಅಧ್ಯಕ್ಷರು ಹೊರಗೆ ಬಂದು ನನ್ನನ್ನು ಹಿಡಿದರು. “ನೋಡಿದ್ರಾ ಸಾರ್? ಮನೆ ತುಂಬ ನೂಲು. ಪ್ಯಾಂಟಿಗೆಲ್ಲ ಅಂಟುತ್ತೆ!” ಮುರಿದ ಮೂಳೆಗಿಂತ ಆ ಮನುಷ್ಯನಿಗೆ ಅಂಟಿದ ನೂಲು ದೊಡ್ಡದು.

ಕೈಯ ಕಟ್ಟು ಬಿಚ್ಚಿದ ದಿನ ಮಿಷನ್ನುಗಳು ಗಾಡಿ ಹತ್ತಿದವು. ಜೊತೆಗೆ ಅವಳ ಪೆಟ್ಟಿಗೆಯೂ.

“ಎಲ್ಲಿಗೆ?” ಎಂದರು ಅಧ್ಯಕ್ಷರು.

“ಕೆಲಸಕ್ಕೆ.”

“ಸಂಜೆ?”

“ಅಂಗಡಿ ಮೇಲಿನ ರೂಮಲ್ಲಿರ್ತೀನಿ. ನನ್ನ ಹೆಸರಲ್ಲೇ ಹಿಡಿದಿದ್ದೀನಿ.”

“ಜನಕ್ಕೆ ನಾನೇನು ಹೇಳ್ಲಿ?”

“ಆದದ್ದು ಹೇಳಿ.”

ಬಲಗೈಯ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ. ಎಡಗೈಯಲ್ಲೇ ಗಾಡಿ ತಳ್ಳುತ್ತ ಹೋದಳು.